ಬೇಸಿಗೆಗೆ ಕ್ರಿಕೆಟ್, ಚಳಿಗಾಲಕ್ಕೆ ಫುಟಿ, ವರ್ಷವಿಡೀ ಬೆಂಕಿಯ ಯೋಚನೆ

ಜನವರಿಯ ಒಂದು ಶನಿವಾರ. ನಮ್ಮ ಊರಿನ ಮೂರನೇ ತಂಡದ ಮ್ಯಾಚ್. ಎದುರಿನವರು 4 ವಿಕೆಟ್‌ಗೆ 92. ನಾನು ಡೀಪ್ ಸ್ಕ್ವೇರ್ ಲೆಗ್‌ನಲ್ಲಿ ನಿಂತಿದ್ದೆ. ಸ್ಕೋರ್ ಬರೆಯುವ ಮೇಜಿನ ಮೇಲೆ ಇಟ್ಟಿದ್ದ ಮೂರು ಪೇಜರ್‌ಗಳು ಒಟ್ಟಿಗೆ ಕೂಗಿಕೊಂಡವು. ನಮ್ಮ ಕೀಪರ್ ಗ್ಲೌಸ್ ಬಿಚ್ಚಿ ಸ್ಟಂಪ್ ಹಿಂದೆಯೇ ಬಿಸಾಡಿ ಓಡಿದ. ಸ್ಲಿಪ್‌ನಲ್ಲಿದ್ದವನು ಓಡಿದ, ಹೊಸ ಚೆಂಡು ಹಾಕುವವನೂ ಓಡಿದ. ಎದುರಿನ ತಂಡದಲ್ಲಿ ಪ್ಯಾಡ್ ಕಟ್ಟಿಕೊಂಡು ಕಾಯುತ್ತಿದ್ದ ಹುಡುಗ ಪ್ಯಾಡ್ ಕಿತ್ತೆಸೆದು ಅವರ ಕಾರಿನ ಹಿಂದಿನ ಸೀಟಿಗೆ ಹಾರಿ ಕೂತ. ಅಂಪೈರ್ ಯಾರನ್ನೂ ಕೇಳದೆ ಬೇಲ್ಸ್ ತೆಗೆದು ಜೇಬಿಗೆ ಹಾಕಿಕೊಂಡರು. ಅಷ್ಟೇ, ಮ್ಯಾಚ್ ಮುಗಿಯಿತು.

ಹೆದ್ದಾರಿ ಪಕ್ಕ ಒಣಹುಲ್ಲಿಗೆ ಬೆಂಕಿ ಬಿದ್ದಿತ್ತು. ಸಂಜೆ ಏಳಕ್ಕೆ ಆ ನಾಲ್ವರೂ ಮಸಿ ಮುಖದಲ್ಲಿ ವಾಪಸ್ ಬಂದರು. ಬಿಳಿ ಪ್ಯಾಂಟಿನ ಮೇಲೇ ಹಳದಿ ಕೋಟು.

ನಾನು ಗುಂಡ್ಲುಪೇಟೆಯವನು. ಏಳು ವರ್ಷದಿಂದ ಮೆಲ್ಬರ್ನ್‌ನಿಂದ ಒಂದೂವರೆ ಗಂಟೆ ದೂರದ ಈ ಸಣ್ಣ ಊರಿನಲ್ಲಿದ್ದೇನೆ. ಇಲ್ಲಿ ಕನ್ನಡದವರು ನಾವು ಎರಡೇ ಮನೆ. ಕ್ರಿಕೆಟ್ ಇಲ್ಲದಿದ್ದರೆ ಈ ಊರಿನ ಜನ ನನಗೆ ಪರಿಚಯವೇ ಆಗುತ್ತಿರಲಿಲ್ಲ. ಆ ದಿನ ಬೌಂಡರಿ ಗೆರೆ ಹತ್ತಿರ ನಿಂತು ಒಂದು ವಿಷಯ ತಲೆಗೆ ಹೋಯಿತು. ಇಲ್ಲಿ ಕ್ರಿಕೆಟ್ ಆಡುವವರು, ಫುಟಿ ಆಡುವವರು, ಬೆಂಕಿ ಆರಿಸುವವರು, ಮೂವರೂ ಒಬ್ಬರೇ. ಹಳ್ಳಿ ಕಡೆ ಬೆಂಕಿ ಆರಿಸುವುದು ಹೆಚ್ಚಾಗಿ ಸಂಬಳದವರ ಕೆಲಸ ಅಲ್ಲ. ಸಿಎಫ್‌ಎ, ಅಂದರೆ ಕಂಟ್ರಿ ಫೈರ್ ಅಥಾರಿಟಿ, ಅದರಲ್ಲಿ ಸಾವಿರಾರು ಜನ ಸುಮ್ನೆ ಊರಿಗಾಗಿ ದುಡಿಯುವವರು. ಪ್ಲಂಬರ್, ಟೀಚರ್, ಹಸು ಸಾಕುವವರು.

ಫುಟಿ ಅಂದರೆ ನಮ್ಮ ಕಾಲ್ಚೆಂಡು ಅಲ್ಲ. ಮೊಟ್ಟೆ ಆಕಾರದ ಚೆಂಡು, ಒಂದು ಕಡೆ 18 ಜನ, ಕೈಯಲ್ಲೂ ಹಿಡಿಯಬಹುದು ಕಾಲಲ್ಲೂ ಒದೆಯಬಹುದು. ಇದು ಹುಟ್ಟಿದ್ದೇ ಕ್ರಿಕೆಟ್‌ನವರಿಂದ. 1858ರಲ್ಲಿ ಟಾಮ್ ವಿಲ್ಸ್ ಎಂಬ ಕ್ರಿಕೆಟಿಗ ಪತ್ರಿಕೆಗೆ ಒಂದು ಕಾಗದ ಬರೆದ: ಚಳಿಗಾಲದಲ್ಲಿ ನಮ್ಮವರ ಮೈ ಜಡ್ಡುಗಟ್ಟಬಾರದು, ಒಂದು ಫುಟ್‌ಬಾಲ್ ಕ್ಲಬ್ ಮಾಡೋಣ ಅಂತ. ಅದಕ್ಕೇ ಇವತ್ತಿಗೂ ಎರಡೂ ಆಟಕ್ಕೆ ಒಂದೇ ಮೈದಾನ, ಮೆಲ್ಬರ್ನ್‌ನ ದೊಡ್ಡ ಮೈದಾನ ಎಂಸಿಜಿಯಿಂದ ಹಿಡಿದು ನಮ್ಮೂರಿನ ಓವಲ್ ತನಕ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಕ್ರಿಕೆಟ್. ಆಮೇಲೆ ಸೆಪ್ಟೆಂಬರ್‌ವರೆಗೆ ಫುಟಿ.

ಬೆಂಕಿಗೂ ಹೆಚ್ಚುಕಡಿಮೆ ಇದೇ ಕ್ಯಾಲೆಂಡರ್. ಕ್ರಿಕೆಟ್ ಇರುವಾಗ ಬೆಂಕಿ ಬರುತ್ತದೆ. ಫುಟಿ ಶುರುವಾದಾಗ ಬೆಂಕಿಯ ವಿರುದ್ಧದ ಕೆಲಸ ಶುರುವಾಗುತ್ತದೆ. ಜನ ಮೊದಲನೆಯದನ್ನು ಟೀವಿಯಲ್ಲಿ ನೋಡುತ್ತಾರೆ, ಎರಡನೆಯದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಈ ಪೋಸ್ಟ್ ಬರೆಯಲು ಕಾರಣವೇ ಅದು.

ಇಲ್ಲಿ ಆಡಿದವರಿಗೆಲ್ಲ 'ಚೇಂಜ್' ಗೊತ್ತು. ಬೇಸಿಗೆಯ ಕೆಟ್ಟ ದಿನಗಳಲ್ಲಿ ಉತ್ತರದಿಂದ, ಮರುಭೂಮಿ ಕಡೆಯಿಂದ, ಒಲೆ ಬಾಗಿಲು ತೆಗೆದ ಹಾಗೆ ಗಾಳಿ ಬರುತ್ತದೆ. ಮಧ್ಯಾಹ್ನದ ಮೇಲೋ ಸಂಜೆಗೋ ಇದ್ದಕ್ಕಿದ್ದಂತೆ ಗಾಳಿ ನೈಋತ್ಯಕ್ಕೆ ತಿರುಗಿ, ಹತ್ತೇ ನಿಮಿಷದಲ್ಲಿ ಮೈ ತಣ್ಣಗಾಗುತ್ತದೆ. ಫೀಲ್ಡಿಂಗ್ ಮಾಡುತ್ತಿದ್ದರೆ ದೇವರು ಬಂದ ಹಾಗೆ. ಬೌಲರ್‌ಗಳು ಚೇಂಜ್ ಎಷ್ಟೊತ್ತಿಗೆ ಅಂತ ಫೋನ್ ನೋಡುತ್ತಲೇ ಇರುತ್ತಾರೆ. ಮೊದಮೊದಲು ನಾನೂ ಖುಷಿಪಡುತ್ತಿದ್ದೆ. ಒಂದು ಸಲ ನಮ್ಮ ಕ್ಲಬ್ಬಿನ ಹಿರಿಯರೊಬ್ಬರು, ರೋಲರ್ ಎಳೆಯುತ್ತಾ, ಆ ಗಾಳಿ ಬಂದಾಗ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತೆ ಅಂದರು. ಯಾಕೆ ಅಂತ ಕೇಳಿದ್ದಕ್ಕೆ ಮಣ್ಣಿನ ಮೇಲೆ ಬ್ಯಾಟಿನ ತುದಿಯಿಂದ ಗೀಚಿ ತೋರಿಸಿದರು. ಉತ್ತರದ ಗಾಳಿಗೆ ಬೆಂಕಿ ಉದ್ದಕ್ಕೆ, ಸಪೂರವಾಗಿ, ಹಾವಿನ ಹಾಗೆ ಓಡುತ್ತದೆ. ಮುಂದೆ ಇರುವುದು ತಲೆ ಮಾತ್ರ, ಪಕ್ಕದವರು ಬಚಾವ್. ಚೇಂಜ್ ಬಂದ ಕೂಡಲೇ ಹಾವಿನ ಇಡೀ ಪಕ್ಕೆಯೇ ತಲೆಯಾಗುತ್ತದೆ. ಕಿಲೋಮೀಟರ್‌ಗಟ್ಟಲೆ ಅಗಲದ ಬೆಂಕಿ ಈಗ ಬೇರೆ ದಿಕ್ಕಿಗೆ, ಬಚಾವ್ ಅಂದುಕೊಂಡಿದ್ದವರ ಕಡೆಗೆ ನುಗ್ಗುತ್ತದೆ.

2009ರ ಫೆಬ್ರವರಿ 7, ಇಲ್ಲಿನವರು ಬ್ಲ್ಯಾಕ್ ಸಾಟರ್‌ಡೇ ಎನ್ನುವ ದಿನ, ಆದದ್ದು ಅದೇ. ಮೆಲ್ಬರ್ನ್‌ನಲ್ಲಿ 46.4 ಡಿಗ್ರಿ. 173 ಜನ ಸತ್ತರು, 2,000ಕ್ಕೂ ಹೆಚ್ಚು ಮನೆ ಸುಟ್ಟವು. ಮೇರಿಸ್‌ವಿಲ್ ಎಂಬ ಚಂದದ ಊರು ಗಾಳಿ ತಿರುಗಿದ ಮೇಲೆ ಸಂಜೆ ಹೊತ್ತಿನಲ್ಲಿ ಬಹುಪಾಲು ಇಲ್ಲವಾಯಿತು, ಆ ಊರೊಂದರಲ್ಲೇ 30ಕ್ಕೂ ಹೆಚ್ಚು ಜನ ಹೋದರು. ಅಲ್ಲಿ ಗಲಿಪೊಲಿ ಪಾರ್ಕ್ ಅಂತ ಒಂದು ಓವಲ್ ಇದೆ. ಸುತ್ತ ಊರು ಉರಿಯುತ್ತಿರುವಾಗ ಎಷ್ಟೋ ಜನ ಆ ಹುಲ್ಲಿನ ಮಧ್ಯೆ ಸೇರಿ ರಾತ್ರಿ ಕಳೆದು ಬದುಕಿಕೊಂಡರು. ನಾನು ಅಲ್ಲಿಗೆ ಒಮ್ಮೆ ಹೋಗಿ ಮೈದಾನದ ನಡುವೆ ಸುಮಾರು ಹೊತ್ತು ನಿಂತಿದ್ದೆ. ಬರೀ ಹುಲ್ಲು. ಅದಕ್ಕಿಂತ ಜಾಸ್ತಿ ಏನೂ ಇಲ್ಲ. ಆದರೆ ಯಾರೋ ಪ್ರತಿ ವಾರ ಕತ್ತರಿಸಿ, ನೀರು ಬಿಟ್ಟು, ಹಸಿರಾಗಿ ಇಟ್ಟ ಹುಲ್ಲು, ಅಲ್ವಾ?

ಆ ದುರಂತದ ಮೇಲೆ ನಮ್ಮ ವಿಕ್ಟೋರಿಯಾ ರಾಜ್ಯದಲ್ಲಿ ಇಂಥ ಜಾಗಗಳನ್ನು ಗುರುತಿಸಿ ಬೋರ್ಡ್ ಹಾಕಿದರು, ಬೇರೆ ಯಾವ ದಾರಿಯೂ ಉಳಿಯದಾಗ ಬಂದು ನಿಲ್ಲುವ ಜಾಗ ಅಂತ. ಅವುಗಳಲ್ಲಿ ಆಟದ ಮೈದಾನಗಳು ಬೇಕಾದಷ್ಟಿವೆ. ನಮ್ಮ ಓವಲ್ ಗೇಟಿನಲ್ಲೂ ಆ ಬೋರ್ಡ್ ಇದೆ. ಅಲ್ಲಿ ಪ್ರಾಣ ಉಳಿದೇ ಉಳಿಯುತ್ತದೆ ಅಂತ ಯಾರೂ ಮಾತು ಕೊಡುವುದಿಲ್ಲ. ಬೆಳಿಗ್ಗೆಯೇ ಊರು ಬಿಡುವುದೇ ಸರಿ. ಆದರೂ ಅದು ಕೊನೆಯ ಜಾಗ.

2019-20ರ ಬೇಸಿಗೆಯ ಬೆಂಕಿ ಕರ್ನಾಟಕದವರಿಗೂ ನೆನಪಿರಬೇಕು, ಕೋಆಲಾ ಫೋಟೋಗಳು ಎಲ್ಲರ ಮೊಬೈಲಿಗೂ ಬಂದಿದ್ದವು. 33 ಜನ ಸತ್ತರು, ಅದರಲ್ಲಿ 9 ಜನ ಬೆಂಕಿ ಆರಿಸಲು ಹೋದವರು. 3,000ಕ್ಕೂ ಹೆಚ್ಚು ಮನೆ ಹೋದವು. ಡಿಸೆಂಬರ್ 21ರಂದು ಕ್ಯಾನ್‌ಬೆರಾದಲ್ಲಿ ಬಿಗ್ ಬ್ಯಾಷ್ ಟಿ20 ಲೀಗಿನ ಮ್ಯಾಚ್ ಹೊಗೆಯಿಂದ ಅರ್ಧಕ್ಕೆ ನಿಂತಿತು. ಮಳೆಗೆ ನಿಂತ ಮ್ಯಾಚ್ ಎಷ್ಟೋ ನೋಡಿದ್ದೇನೆ, ಹೊಗೆಗೆ ನಿಂತದ್ದು ಅದೇ ಮೊದಲು. ಆಮೇಲೆ ಆಟಗಾರರು ಮಾಡಿದ್ದನ್ನು ನಾನು ಮರೆಯುವುದಿಲ್ಲ. ಶೇನ್ ವಾರ್ನ್ ತನ್ನ ಟೆಸ್ಟ್ ಕ್ಯಾಪ್ ಹರಾಜಿಗಿಟ್ಟ, ಅದು 10 ಲಕ್ಷ ಡಾಲರ್ ದಾಟಿತು. ಫೆಬ್ರವರಿ 9ಕ್ಕೆ ಜಂಕ್ಷನ್ ಓವಲ್‌ನಲ್ಲಿ ಪಾಂಟಿಂಗ್ ತಂಡಕ್ಕೂ ಗಿಲ್‌ಕ್ರಿಸ್ಟ್ ತಂಡಕ್ಕೂ ಪಂದ್ಯ. ಇನ್ನಿಂಗ್ಸ್ ನಡುವೆ ಸಚಿನ್ ಪ್ಯಾಡ್ ಕಟ್ಟಿ ಬಂದು ಒಂದು ಓವರ್ ಆಡಿದರು, ಬೌಲಿಂಗ್ ಶುರು ಮಾಡಿದ್ದು ಆಸ್ಟ್ರೇಲಿಯಾ ಮಹಿಳಾ ತಂಡದ ಎಲಿಸ್ ಪೆರ್ರಿ. ಪೆರ್ರಿಯ ಮೊದಲ ಚೆಂಡಿಗೇ ಫೈನ್ ಲೆಗ್ ಕಡೆ ಫೋರ್. ನನ್ನ ಕಣ್ಣಲ್ಲಿ ನೀರು ಬಂತು. ಅದೇ ತಿಂಗಳ ಕೊನೆಗೆ ಫುಟಿಯವರೂ ವಿಕ್ಟೋರಿಯಾ ತಂಡಕ್ಕೂ ಉಳಿದ ರಾಜ್ಯಗಳವರಿಗೂ ಒಂದು ಆಟ ಇಟ್ಟು ಹಣ ಎತ್ತಿದರು.

ಇದೆಲ್ಲ ಒಳ್ಳೆಯದೇ, ಇನ್ನೂ ಬೇಕು. ಆದರೆ ಆ ದುಡ್ಡೆಲ್ಲ ಸುಟ್ಟ ಮೇಲೆ ಬಂದದ್ದು. ಏಪ್ರಿಲ್‌ನಲ್ಲಿ, ಏನೂ ಸುಡದೆ ಇರುವಾಗ, ಒಬ್ಬ ದೊಡ್ಡ ಆಟಗಾರ ಬಂದು ಹಳ್ಳಿ ಫೈರ್ ಸ್ಟೇಷನ್ನಿನ ಮುಂದೆ ನಿಂತರೆ ಎಷ್ಟು ಚೆನ್ನ!

ಏಪ್ರಿಲ್ ಯಾಕೆ ಅಂದರೆ, ಬರ್ನ್‌ಆಫ್ ಮಾಡುವ ಕಾಲ ಅದು. ಇಲ್ಲಿನ ಕಾಡು ಅಂದರೆ ನಮ್ಮ ನೀಲಗಿರಿ ಮರದ ಬಳಗ. ಎಲೆಯಲ್ಲಿ ಎಣ್ಣೆ, ಕೆಲವು ಜಾತಿಗಳಲ್ಲಿ ಉದ್ದುದ್ದ ಸುಲಿದು ನೇತಾಡುವ ಸಿಪ್ಪೆ. ಬೆಂಕಿ ಹತ್ತಿದ ಸಿಪ್ಪೆ ಗಾಳಿಯಲ್ಲಿ ಹಾರುತ್ತದೆ, ಬ್ಲ್ಯಾಕ್ ಸಾಟರ್‌ಡೇ ದಿನ 30 ಕಿಲೋಮೀಟರ್‌ಗೂ ಮುಂದೆ ಹೋಗಿ ಹೊಸ ಬೆಂಕಿ ಹಚ್ಚಿತು. ಅದಕ್ಕೇ ಬಿಸಿಲು ಇಳಿದ ಮೇಲೆ, ಗಾಳಿ ಇಲ್ಲದ ದಿನ, ನೆಲ ತೀರಾ ಒದ್ದೆಯೂ ಇರದೆ ತೀರಾ ಒಣಗಿಯೂ ಇರದೆ ಇದ್ದಾಗ, ತರಗೆಲೆ ಒಣಕಡ್ಡಿಗಳನ್ನು ಬೇಕೆಂದೇ ಸುಡುತ್ತಾರೆ. ಅಂಥ ದಿನಗಳು ವರ್ಷಕ್ಕೆ ಕೆಲವೇ ಸಿಗುತ್ತವೆ. ಫುಟಿಯ ಮೊದಲ ವಾರಗಳಲ್ಲಿ ಗುಡ್ಡದಿಂದ ಹೊಗೆ ಇಳಿದು ಬಂದು ಮೈದಾನದ ಮೇಲೆ ಕೂರುತ್ತದೆ, ಜನ ಗೊಣಗುತ್ತಾರೆ. ದಯವಿಟ್ಟು ಗೊಣಗಬೇಡಿ. ಆಸ್ತಮಾ ಇರುವವರ ಕಷ್ಟ ಬೇರೆ, ಅವರಿಗೆ ಮೊದಲೇ ತಿಳಿಸಬೇಕು. ಉಳಿದವರು ಒಂದು ವಾರ ತಡೆದುಕೊಳ್ಳಬಹುದು.

ಎಷ್ಟು ಸುಡಬೇಕು ಅನ್ನುವುದರಲ್ಲಿ ಜಗಳ ಇದೆ. ಬ್ಲ್ಯಾಕ್ ಸಾಟರ್‌ಡೇ ವಿಚಾರಣಾ ಆಯೋಗ, ವರ್ಷಕ್ಕೆ ಸರ್ಕಾರಿ ನೆಲದ ಕನಿಷ್ಠ ಶೇ 5ರಷ್ಟು ಸುಡಿ ಅಂದಿತು. ಕೆಲವು ವರ್ಷ ಆ ಲೆಕ್ಕದ ಹಿಂದೆ ಓಡಿ, ಆಮೇಲೆ ರಾಜ್ಯ ಅದನ್ನು ಬಿಟ್ಟು, ಎಲ್ಲಿ ಅಪಾಯ ಜಾಸ್ತಿ ಅಲ್ಲಿ ಸುಡುವುದು ಎಂಬ ಪದ್ಧತಿಗೆ ಬಂತು. ನಮ್ಮ ಕ್ಲಬ್‌ಹೌಸ್‌ನಲ್ಲಿ ಅರ್ಧ ಜನ ಆ ಶೇ 5ನ್ನೇ ವಾಪಸ್ ತನ್ನಿ ಅನ್ನುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಕ್ರಿಕೆಟ್ ನೋಡುವವರಿಗೆ ಇದು ಬೇಗ ಅರ್ಥವಾಗಬೇಕು. ಸಪ್ಪೆ ಪಿಚ್ಚಿನಲ್ಲಿ ಸೋತ ಬೌಲರ್‌ಗಳ ಎದುರು ಹೊಡೆದ ಇನ್ನೂರೂ ಇನ್ನೂರೇ, ನಾಲ್ಕನೇ ಇನ್ನಿಂಗ್ಸ್‌ನಲ್ಲಿ ಚೆಂಡು ತಿರುಗುವಾಗ ಹೊಡೆದ ಅರವತ್ತೂ ಅರವತ್ತೇ, ಆದರೆ ಮ್ಯಾಚ್ ಉಳಿಸಿದ್ದು ಯಾವುದು? ಜನರೇ ಇಲ್ಲದ ದೂರದ ಬಯಲಿನಲ್ಲಿ ಸಾವಿರ ಹೆಕ್ಟೇರ್ ಸುಟ್ಟು ಲೆಕ್ಕ ತುಂಬಿಸುವುದು ಸುಲಭ. ಊರಿನ ಬೆನ್ನಿಗಿರುವ ಐವತ್ತು ಹೆಕ್ಟೇರ್ ಸುಡುವುದು ಕಷ್ಟ, ಅಪಾಯ, ನಿಧಾನ. 2015ರಲ್ಲಿ ಲ್ಯಾನ್ಸ್‌ಫೀಲ್ಡ್ ಹತ್ತಿರ ಹಾಗೆ ಹಚ್ಚಿದ ಬೆಂಕಿ ಕೈತಪ್ಪಿ ನಾಲ್ಕು ಮನೆ ಸುಟ್ಟಿತು. ಆ ಭಯ ಎಲ್ಲರಿಗೂ ಇದೆ. ಆದರೂ ಮಾಡಬೇಕಾದ ಕೆಲಸ ಅದೇ. ಇನ್ನೊಂದನ್ನೂ ಹೇಳಲೇಬೇಕು: 46 ಡಿಗ್ರಿಯ ದಿನ ಯಾವ ಬರ್ನ್‌ಆಫ್ ಕೂಡ ಬೆಂಕಿಯನ್ನು ಪೂರ್ತಿ ನಿಲ್ಲಿಸುವುದಿಲ್ಲ, ಕಿಡಿ ಅದರ ಮೇಲಿಂದ ಹಾರಿಹೋಗುತ್ತದೆ. ಅಂಥ ದಿನಗಳು ಈಗ ಜಾಸ್ತಿ ಆಗುತ್ತಿವೆ.

ಈ ನೆಲದ ಮೂಲದ ಜನ ಸಾವಿರಾರು ವರ್ಷ ತಣ್ಣನೆಯ, ನಡೆದುಕೊಂಡು ಹಿಂಬಾಲಿಸಬಹುದಾದಂಥ ಸಣ್ಣ ಬೆಂಕಿ ಹಚ್ಚಿ ಕಾಡು ನೋಡಿಕೊಂಡವರು. ಇದನ್ನು ಮೊದಲು ಕೇಳಿದಾಗ ನನಗೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ತರಗು ಬೆಂಕಿ ನೆನಪಾಯಿತು. ಬೇಸಿಗೆ ಬಲಿಯುವ ಮೊದಲೇ ತರಗು ಮಾತ್ರ ಸುಡುವಂತೆ ಹಚ್ಚುತ್ತಿದ್ದ ಬೆಂಕಿ ಅದು. 1970ರ ದಶಕದಲ್ಲಿ ಅಭಯಾರಣ್ಯ ಆದಮೇಲೆ ಅದು ನಿಂತಿತು. ಅದು ನಿಂತ ಮೇಲೆಯೇ ಲಾಂಟಾನ ಕಳೆ ಕಾಡನ್ನು ತುಂಬಿದ್ದು, ನೆಲ್ಲಿ ಮರಕ್ಕೆ ಬದನಿಕೆ ಹತ್ತಿದ್ದು ಅಂತ ಸೋಲಿಗರು ಹೇಳುತ್ತಲೇ ಬಂದಿದ್ದಾರೆ. 2019ರ ಫೆಬ್ರವರಿಯಲ್ಲಿ ನಮ್ಮ ಬಂಡೀಪುರದಲ್ಲಿ 4,000 ಹೆಕ್ಟೇರ್‌ಗೂ ಜಾಸ್ತಿ ಸುಟ್ಟಾಗ ಅಮ್ಮ ಫೋನಿನಲ್ಲಿ, ಗೋಪಾಲಸ್ವಾಮಿ ಬೆಟ್ಟದ ಕಡೆ ಆಕಾಶವೇ ಕಾಣ್ತಿಲ್ಲ ಕಣೋ ಅಂದರು. ಎರಡೂ ಕಡೆ ಕಾಡು ಗೊತ್ತಿದ್ದವರ ಕೈಯಿಂದಲೇ ಬೆಂಕಿ ಕಸಿದುಕೊಂಡೆವು. ವಿಕ್ಟೋರಿಯಾದಲ್ಲಿ ಈಗ ಅದನ್ನು ಸ್ವಲ್ಪ ಸ್ವಲ್ಪ ವಾಪಸ್ ಕೊಡುತ್ತಿದ್ದಾರೆ. ತುಂಬಾ ನಿಧಾನ.

ನನಗೆ ಇದಕ್ಕಿಂತ ದೊಡ್ಡ ಚಿಂತೆ ಜನರದ್ದು. ಪಕ್ಕದ ಊರಿನ ಫುಟಿ-ನೆಟ್‌ಬಾಲ್ ಕ್ಲಬ್ ಆಡುವವರು ಸಾಲದೆ ಎರಡು ವರ್ಷದ ಹಿಂದೆ ಮುಚ್ಚಿತು. ಹುಡುಗರು ನಗರಕ್ಕೆ ಹೋದರು. ಗುರುವಾರ ಸಂಜೆ ಪ್ರಾಕ್ಟೀಸ್ ನಿಂತಿತು, ಓವಲ್‌ಗೆ ನೀರು ಬಿಡುವುದು ನಿಂತಿತು. ಅಲ್ಲಿನ ಫೈರ್ ಬ್ರಿಗೇಡ್‌ನಲ್ಲಿ ಈಗ ಹಗಲು ಹೊತ್ತು ಟ್ಯಾಂಕರ್ ಓಡಿಸಲು ಇಬ್ಬರು ಸಿಕ್ಕರೆ ಪುಣ್ಯ, ಇಬ್ಬರಿಗೂ ಅರವತ್ತು ದಾಟಿದೆ. ಹೊಸ ಹುಡುಗರು ಬ್ರಿಗೇಡ್‌ಗೆ ಸೇರುತ್ತಿದ್ದುದು ಜಾಹೀರಾತು ನೋಡಿ ಅಲ್ಲ, ಡ್ರೆಸ್ಸಿಂಗ್ ರೂಮಿನಲ್ಲಿ ಪಕ್ಕ ಕೂತವನು ನೀನೂ ಬಾರೋ ಅಂದದ್ದಕ್ಕೆ. ನನ್ನನ್ನು ಕರೆದದ್ದೂ ಹಾಗೆಯೇ. ಸಣ್ಣ ಊರಿನ ಕ್ಲಬ್ಬಿಗೆ ಕೊಡುವ ದುಡ್ಡನ್ನು ಆಟದ ಖರ್ಚು ಅಂತ ಬರೆದುಕೊಳ್ಳುವುದೇ ತಪ್ಪು. ಹುಲ್ಲು ಕತ್ತರಿಸುವ ಯಂತ್ರ, ಬೋರ್‌ವೆಲ್ ಪಂಪು, ಜ್ಯೂನಿಯರ್ ತಂಡದ ಬ್ಯಾಟು, ಇವೂ ಬೆಂಕಿಯ ವಿರುದ್ಧದ ಖರ್ಚೇ.

ಮುಂದಿನ ಮಂಗಳವಾರ ನಮ್ಮ ಕ್ಲಬ್‌ಹೌಸ್‌ನಲ್ಲಿ ಸಭೆ ಇದೆ, ಮುಂದಿನ ಮೂರು ವರ್ಷ ಎಲ್ಲೆಲ್ಲಿ ಸುಡುತ್ತಾರೆ ಅನ್ನುವ ನಕ್ಷೆ ಗೋಡೆಗೆ ಹಾಕುತ್ತಾರೆ. ಫುಟಿ ಪ್ರಾಕ್ಟೀಸ್ ಮುಗಿಸಿ ಹುಡುಗರೂ ಬರುತ್ತೇವೆ ಅಂದಿದ್ದಾರೆ. ಶಾಲೆಯ ಹಿಂದಿನಿಂದ ಡ್ಯಾಮ್ ತನಕ, ಊರಿನ ಉತ್ತರಕ್ಕೆ ಒಂದು ಕಾಡಿನ ಪಟ್ಟಿ ಇದೆ. ನಾನು ಬಂದಾಗಿನಿಂದ ಅದನ್ನು ಯಾರೂ ಮುಟ್ಟಿಲ್ಲ. ತರಗು ಮೊಣಕಾಲುದ್ದ ಬಿದ್ದಿದೆ. ಅದು ನಕ್ಷೆಯಲ್ಲಿ ಇದೆಯೋ ಇಲ್ಲವೋ ಅಂತ ಮೊದಲು ಕೈಯೆತ್ತಿ ಕೇಳುವವನು ನಾನೇ.