ನೆಲ ನೋಡಿ ಬುಡ್ಬೇಕು ಕನ್ಲಾ

ಭಾನುವಾರದಿಂದ ನನ್ನ ನಾಯಿ ಕೆಂಚ ಬಲಗಡೆಯ ಮುಂಗಾಲು ಎತ್ತಿಕೊಂಡೇ ಓಡಾಡುತ್ತಿದ್ದಾನೆ. ಜಗಲಿ ಇಳಿಯುವ ಮುಂಚೆ ಒಮ್ಮೆ ನನ್ನ ಮುಖ ನೋಡುತ್ತಾನೆ, ಆಮೇಲೆ ಮೂರು ಕಾಲಲ್ಲಿ ಕುಪ್ಪಳಿಸಿ ಇಳಿಯುತ್ತಾನೆ. ತಪ್ಪು ನನ್ನದು. ಹಗ್ಗ ಬಿಟ್ಟವನು ನಾನು.

ನಾಗಮಂಗಲದ ಕಡೆಯ ನಮ್ಮೂರಿಗೆ ಹೋಗಿದ್ದೆ. ನಾಲ್ಕು ದಿನದ ಹಿಂದೆ ಭರಣಿ ಮಳೆ ಒಂದು ಹದ ಬಿದ್ದಿತ್ತು. ದೊಡ್ಡಪ್ಪ ಟ್ರ್ಯಾಕ್ಟರ್ ಕರೆಸಿ ಹೊಲಕ್ಕೆ ಉಕ್ಕೆ ಹೊಡೆಸಿದ್ದ. ಆಮೇಲಿನ ಬಿಸಿಲಿಗೆ ಹೆಂಟೆಗಳೆಲ್ಲ ಮೇಲೆ ಇಟ್ಟಿಗೆಯ ಹಾಗೆ ಒಣಗಿ, ಒಳಗೆ ಇನ್ನೂ ತೇವ ಹಿಡಿದುಕೊಂಡಿದ್ದವು. ಪಕ್ಕದ ಗೋಮಾಳ ಉಳದ ನೆಲ, ದನ ತುಳಿದು ತುಳಿದು ಸಿಮೆಂಟಿನಂತಾಗಿದೆ. ಬೆಳಗ್ಗೆ ಆರೂವರೆಗೆ ಅಲ್ಲಿ ಕೆಂಚನ ಹಗ್ಗ ಬಿಚ್ಚಿದೆ. ಮುಧೋಳ ನಾಯಿ, ಎರಡು ವರ್ಷದ್ದು, ಮಂಡ್ಯದ ಬಾಡಿಗೆ ಮನೆಯಲ್ಲಿ ಮೈ ಬಿಚ್ಚಿ ಓಡಲು ಜಾಗವಿಲ್ಲ. ಓಡಲಿ ಪಾಪ ಅಂತ ಬಿಟ್ಟೆ.

ಹತ್ತು ಹೆಜ್ಜೆ ಆಚೆ, ಹುಲ್ಲಿನ ಬುಡದಲ್ಲಿ ಮೈ ಅದುಮಿಕೊಂಡಿದ್ದ ಮೊಲ ಎದ್ದಿತು.

ನಾನು ಕೂಗಿದೆ. ಕೂಗು ಅವನ ಕಿವಿಗೆ ಬೀಳುವ ಹೊತ್ತು ಮುಗಿದಿತ್ತು. ಗಟ್ಟಿ ನೆಲದ ಮೇಲೆ ಕೆಂಚ ಓಡಿದ್ದು ನೋಡಿದರೆ ಉಸಿರು ನಿಲ್ಲಬೇಕು. ಈ ಜಾತಿಯ ನಾಯಿಗೆ ಒಂದೊಂದು ನೆಗೆತದಲ್ಲಿ ಎರಡು ಸಲ ನಾಲ್ಕೂ ಕಾಲು ನೆಲ ಬಿಡುತ್ತವೆ, ಮೈ ಚಾಚಿದಾಗ ಒಮ್ಮೆ, ಮುದುಡಿದಾಗ ಒಮ್ಮೆ. ನೂರು ಮಾರು ಹೋಗುವಷ್ಟರಲ್ಲಿ ಮೊಲದ ಬಾಲಕ್ಕೂ ಇವನ ಮೂತಿಗೂ ಒಂದು ಮೊಳ ಉಳಿದಿತ್ತು. ಆಗ ಮೊಲ ಸರಕ್ಕನೆ ತಿರುಗಿ ಉತ್ತ ಹೊಲಕ್ಕೆ ಬಿತ್ತು. ಎರಡು ಮೂರು ಕೆಜಿ ತೂಗುವ ಜೀವ, ಹೆಂಟೆಯಿಂದ ಹೆಂಟೆಗೆ ಹಾರಿಕೊಂಡು ಸಾಲಿಗೆ ಅಡ್ಡವಾಗಿ ಹೋಯಿತು. ಕೆಂಚ 25 ಕೆಜಿ. ಅದೇ ವೇಗದಲ್ಲಿ ತಿರುಗಲು ಹೋದ, ಮುಂಗಾಲು ಎರಡು ಹೆಂಟೆಯ ನಡುವೆ ಸಿಕ್ಕಿತು, ಪಲ್ಟಿ ಹೊಡೆದ. ಎದ್ದು ನೋಡುವಾಗ ಮೊಲ ಬದು ಹಾರಿ, ದಿಣ್ಣೆ ಏರಿ, ಲಂಟಾನದೊಳಗೆ ಮಾಯ. ಏರು ನೆಲದಲ್ಲಿ ಅದನ್ನು ಹಿಡಿಯುವುದು ಕಷ್ಟ, ಹಿಂಗಾಲು ಅಷ್ಟು ಉದ್ದ ಇರುವುದೇ ಅದಕ್ಕೆ.

ಬದುವಿನ ಮೇಲೆ ನಿಂತು ಎಲ್ಲಾ ನೋಡಿದ ದೊಡ್ಡಪ್ಪ ಹತ್ತಿರ ಬಂದು ಕೆಂಚನ ಪಾದ ಅಂಗೈಲಿಟ್ಟುಕೊಂಡ. ಒಂದು ಉಗುರು ಬುಡದಿಂದ ಕಿತ್ತು ನೇತಾಡುತ್ತಿತ್ತು, ಪಕ್ಕದ ಬೆರಳು ಊದುತ್ತಿತ್ತು, ಮೆತ್ತೆಯ ಸೀಳಿನಲ್ಲಿ ಕೆಮ್ಮಣ್ಣು. ನನ್ನ ಕಡೆ ನೋಡದೆ ಹೇಳಿದ, ‘ನೆಲ ನೋಡಿ ನಾಯಿ ಬುಡ್ಬೇಕು ಕನ್ಲಾ.’

ಅಷ್ಟೇ. ಆ ಒಂದು ಮಾತು ಈ ವಾರವೆಲ್ಲ ನನ್ನನ್ನು ಕಾಡಿದೆ.

ಯಾಕೆಂದರೆ ಅದನ್ನು ಕೇಳಿಸಿಕೊಂಡ ಇನ್ನೊಬ್ಬ ಅಲ್ಲಿದ್ದ. ಊರಿನ ಹುಡುಗ, ಅಷ್ಟೂ ಹೊತ್ತು ಮೊಬೈಲಿನಲ್ಲಿ ವಿಡಿಯೋ ಮಾಡಿದವನು. ನಾಯಿ ಬಿದ್ದಾಗಲೂ ಕೈ ಅಲುಗಿಸಲಿಲ್ಲ. ಅವನೆಂದ, ‘ತಾತ ಸರಿಯಾಗೇಳ್ತು ಕನಣ್ಣ. ಬಯಲಲ್ಲೇ ತಿರುಗುಸ್ಬೇಕು, ವೊಲಕ್ಕೆ ವೋಗಕ್ಕೆ ಬುಡ್ಬಾರ್ದು. ರಾತ್ರಿ ಬ್ಯಾಟ್ರಿ ಬುಟ್ಕೊಂಡು ವೋಗುಮಾ, ಇನ್ನೆರಡು ನಾಯಿ ನಾನ್ ತತ್ತೀನಿ.’ ಮೊಲದ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ ಅಂದೆ. ನಕ್ಕ. ಆ ಹುಡುಗನ ಬಗ್ಗೆ ನನಗೆ ಒಳ್ಳೆಯ ಮಾತು ಬರುತ್ತಿಲ್ಲ. ನಾಯಿ ಸಾಕುವವನಿಗೆ ನಾಯಿಯ ಕಾಲು ಕಾಣಬೇಕು, ಇವನಿಗೆ ಬಾಯಿ ಮಾತ್ರ ಕಾಣುತ್ತದೆ.

ಆದರೆ ದೊಡ್ಡಪ್ಪ ಹೇಳಿದ್ದು ಯಾವ ಅರ್ಥದಲ್ಲಿ? ನನಗೆ ಗದರಿದ್ದೋ, ಅವನಿಗೆ ದಾರಿ ತೋರಿಸಿದ್ದೋ? ವಯಸ್ಸಿನಲ್ಲಿ ದೊಡ್ಡಪ್ಪನೂ ಬೇಟೆಗೆ ಹೋದವನೇ. ಎಷ್ಟೋ ಮೊಲದ ಸಾರು ನಮ್ಮ ಮನೆಯಲ್ಲೇ ಕುದಿದಿದೆ.

ಸೋಮವಾರ ಮಂಡ್ಯದಲ್ಲಿ ಪಶುವೈದ್ಯರಿಗೆ ತೋರಿಸಿದೆ. ಬೆರಳಿನ ಕೀಲು ಜಾರಿದೆ, ಮೂರು ವಾರ ಓಡಿಸಬೇಡಿ ಅಂದರು. ಆ ರಾತ್ರಿ ನಿದ್ದೆ ಬಾರದೆ ಓದುತ್ತಾ ಕೂತೆ. ಇಂಗ್ಲೆಂಡಿನ ಲ್ಯಾಂಕಾಶೈರಿನಲ್ಲಿ, ಆಲ್ಟ್‌ಕಾರ್ ಎಂಬ ಸಪಾಟು ಬಯಲಲ್ಲಿ, 1836ರಿಂದ ವಾಟರ್‌ಲೂ ಕಪ್ ಅಂತ ಮೊಲದ ಹಿಂದೆ ನಾಯಿ ಬಿಡುವ ದೊಡ್ಡ ಪಂದ್ಯ ನಡೆಯುತ್ತಿತ್ತಂತೆ. ಎರಡೆರಡು ಗ್ರೇಹೌಂಡ್ ಬಿಡುವುದು, ಕುದುರೆ ಮೇಲೆ ಕೂತ ತೀರ್ಪುಗಾರ ಯಾವ ನಾಯಿ ಮೊಲವನ್ನು ತಿರುಗಿಸಿತು ಅಂತ ಅಂಕ ಕೊಡುವುದು. ಹಿಮ ಬಿದ್ದು ನೆಲ ಹೆಪ್ಪುಗಟ್ಟಿದರೆ ಪಂದ್ಯ ಮುಂದಕ್ಕೆ, ಇಲ್ಲವೇ ರದ್ದು. ಗಟ್ಟಿ ನೆಲ ನಾಯಿಯ ಪಾದ ಕಿತ್ತುಹಾಕುತ್ತದೆ. ಕೆಸರು ನೆಲದಲ್ಲಿ ಭಾರದ ನಾಯಿ ಬೇಗ ಸುಸ್ತು. ಮೊಲಕ್ಕೆ ಗಟ್ಟಿ ನೆಲ ಅಷ್ಟು ತೊಂದರೆ ಕೊಡದು, ಅದರ ಅಂಗಾಲಲ್ಲಿ ನಾಯಿಯ ಹಾಗೆ ಚರ್ಮದ ಮೆತ್ತೆಯಿಲ್ಲ, ಒತ್ತಾದ ಕೂದಲಿದೆ. 2005ರ ಫೆಬ್ರವರಿ 18ರಿಂದ ಅಲ್ಲಿ ಈ ಆಟಕ್ಕೆ ಕಾನೂನಿನ ತಡೆ ಬಿತ್ತು. ಐರ್ಲೆಂಡಿನಲ್ಲಿ ಈಗಲೂ ನಡೆಯುತ್ತದೆ, 1993ರಿಂದ ನಾಯಿಯ ಬಾಯಿಗೆ ಕುಕ್ಕೆ ಹಾಕುತ್ತಾರೆ.

ನೂರೈವತ್ತು ವರ್ಷಕ್ಕೂ ಮೇಲೆ ಅಷ್ಟು ಶ್ರದ್ಧೆಯಿಂದ ನೆಲ ನೋಡಿದ್ದು ನಾಯಿಯ ಸಲುವಾಗಿ. ಮೊಲದ ಸಲುವಾಗಿ ನೋಡಿದವರು ಯಾರು?

ನಮ್ಮ ಗೋಮಾಳವನ್ನೇ ನೋಡಿ. ನಾನು ಚಿಕ್ಕವನಿದ್ದಾಗ ಹುಲ್ಲು, ತಂಗಡಿ, ಬಂದ್ರೆ ಪೊದೆ ತುಂಬಿದ ಬಯಲು. ಈಗ ಅರ್ಧಕ್ಕೆ ಒತ್ತುವರಿ ಬೇಲಿ, ರಸ್ತೆಯ ಪಕ್ಕ ಸೈಟಿನ ಕಲ್ಲು, ಜಲ್ಲಿ ರಾಶಿ. ಮೊಲ ಬಿಲ ತೋಡುವ ಪ್ರಾಣಿಯಲ್ಲ. ಮರಿ ಹಾಕುವುದೂ ಬಯಲಲ್ಲೇ, ಮರಿಗಳು ಕಣ್ಣು ತೆರೆದು ಮೈತುಂಬಾ ಕೂದಲಿಟ್ಟುಕೊಂಡೇ ಹುಟ್ಟುತ್ತವೆ. ಅದರ ಮನೆ ಅಂದರೆ ನೆಲ, ಅಷ್ಟೇ. ನಾವು ನೆಲವನ್ನು ಗಟ್ಟಿ ಮಾಡುತ್ತಾ ಬಂದ ಹಾಗೆಲ್ಲ ಅದರ ಪಾಲಿನ ಹೆಂಟೆಗಳನ್ನು ಒಂದೊಂದಾಗಿ ಎತ್ತಿಹಾಕುತ್ತಿದ್ದೇವೆ. ಇದು ನನಗೆ ಕೆಂಚನ ಬೆರಳಿಗಿಂತ ಹೆಚ್ಚು ನೋಯುತ್ತಿದೆ.

ಮಂಗಳವಾರ ಕೆಂಚನನ್ನು ಕರೆದುಕೊಂಡು ಮತ್ತೆ ಊರಿಗೆ ಹೋದೆ. ದೊಡ್ಡಪ್ಪ ನನ್ನನ್ನು ಹೊಲಕ್ಕೆ ಕರೆದೊಯ್ದು ಹಿಮ್ಮಡಿ ಊರಿ ತೋರಿಸಿದ. ಹಿಮ್ಮಡಿ ಅರ್ಧ ಬೆರಳು ಇಳಿಯಬೇಕು, ಎತ್ತಿದರೆ ಮಣ್ಣು ಅಂಟಿಕೊಳ್ಳಬಾರದು, ಅದು ನಾಯಿ ಓಡುವ ಹದ. ಮೈಸೂರಿನ ರೇಸ್‌ಕೋರ್ಸಿನಲ್ಲಿ ಕುದುರೆ ಓಡುವ ಮುಂಚೆ ನೆಲದ ಗಟ್ಟಿತನ ಅಳೆಯುವ ಪೆನಿಟ್ರೋಮೀಟರ್ ಚುಚ್ಚಿ ನೋಡುವುದೂ ಇದನ್ನೇ. ಕೇಳಿಬಿಡೋಣ ಅನ್ನಿಸಿತು, ‘ದೊಡ್ಡಪ್ಪ, ಅವತ್ತು ನೀನು ಹೇಳಿದ್ದು ಯಾರಿಗೆ?’ ಬಾಯಿ ಬರಲಿಲ್ಲ.

ಬುಧವಾರ ಸಂಜೆ ಮಳೆ. ರಾತ್ರಿ ಹನ್ನೊಂದರ ಮೇಲೆ ಗೋಮಾಳದಲ್ಲಿ ಬ್ಯಾಟರಿ ಬೆಳಕು ಅಡ್ಡಾಡಿತು. ನಾವಿಬ್ಬರೂ ಎದ್ದು ಹೋಗಿ ಕೂಗು ಹಾಕಿದೆವು. ಬೈಕ್ ಸದ್ದು ದೂರವಾಯಿತು.

ಬೆಳಕು ಹರಿದ ಮೇಲೆ ಹೋಗಿ ನೋಡಿದರೆ ಒದ್ದೆ ನೆಲದಲ್ಲಿ ಎಲ್ಲಾ ಬರೆದಿಟ್ಟ ಹಾಗಿತ್ತು. ಬೈಕಿನ ಗಾಲಿ, ಎರಡು ನಾಯಿಗಳ ಹೆಜ್ಜೆ, ಉಗುರು ಕೆರೆದ ಗೀರು. ದೊಡ್ಡಪ್ಪ ಸೊಂಟ ಬಗ್ಗಿಸಿ ಸುಮಾರು ಹೊತ್ತು ಹುಡುಕಿದ. ಹೊಲದ ಅಂಚಿನಲ್ಲಿ ಸಿಕ್ಕಿತು, ಹಿಂದೊಂದು ಮುಂದೊಂದು ಸಣ್ಣ ಮುಂಗಾಲಿನ ಗುರುತು, ಅವಕ್ಕೂ ಮುಂದೆ ಜೋಡಿಯಾಗಿ ಉದ್ದನೆಯ ಹಿಂಗಾಲು. ಉತ್ತ ಹೊಲ ದಾಟಿ ದಿಣ್ಣೆಯ ಕಡೆ ಹೋಗಿತ್ತು. ನಾಯಿ ಹೆಜ್ಜೆ ನಾಲ್ಕನೇ ಸಾಲಿಗೆ ನಿಂತಿತ್ತು.

‘ವೋಗದೆ’ ಅಂದ ದೊಡ್ಡಪ್ಪ. ಆಮೇಲೆ ಎಕ್ಕಡ ಕಳಚಿ ಕೈಲಿ ಹಿಡಿದುಕೊಂಡು, ಬರಿಗಾಲಲ್ಲಿ ಆ ಸಾಲಿನುದ್ದಕ್ಕೂ ನಡೆದು, ಮೊಲದ ಹೆಜ್ಜೆಗಳನ್ನು ಒಂದೊಂದಾಗಿ ಒರೆಸಿಹಾಕಿದ.