ಎರಡನೇದು ಮೊದಲನೇದರಷ್ಟು ಚೆನ್ನಾಗಿದ್ಯಾ? ಉತ್ತರ ಇಲ್ಲಿದೆ, ಇನ್ನು ಫೋನ್ ಮಾಡಬೇಡಿ

ಇಲ್ಲ. ಅನಿಮೇಷನ್ ಸಿನಿಮಾಗಳ ಎರಡನೇ ಭಾಗ ಸಾಮಾನ್ಯವಾಗಿ ಅಷ್ಟು ಚೆನ್ನಾಗಿರಲ್ಲ. ಕೆಲವು ಪರವಾಗಿಲ್ಲ, ಒಂದೆರಡು ಮೊದಲನೇದನ್ನೂ ಮೀರಿಸಿವೆ. ಟಿಕೆಟ್ ಬುಕ್ ಮಾಡೋ ಆತುರದಲ್ಲಿರುವವರು ಇಷ್ಟು ಓದಿಕೊಂಡು ಹೊರಡಬಹುದು.

ಉಳಿದವರಿಗೆ ನನ್ನ ಕಷ್ಟ ಹೇಳುತ್ತೇನೆ. ನಮ್ಮ ಬಳಗದ ಮಕ್ಕಳನ್ನೆಲ್ಲ ಅನಿಮೇಷನ್ ಸಿನಿಮಾಕ್ಕೆ ಕರೆದುಕೊಂಡು ಹೋಗುವ ಕೆಲಸ ಹೇಗೋ ನನ್ನ ಕೊರಳಿಗೆ ಬಿದ್ದಿದೆ. ನನಗೆ ಮಕ್ಕಳಿಲ್ಲ, ಶನಿವಾರ ರಜೆ ಇದೆ, ಮೈಮೇಲೆ ಪಾಪ್‌ಕಾರ್ನ್ ಚೆಲ್ಲಿದರೆ ಕಿರುಚಾಡುವುದಿಲ್ಲ. ಅರ್ಹತೆ ಇಷ್ಟೇ. ಯಾವುದಾದರೂ ಸಿನಿಮಾದ ಹೆಸರಿನ ಮುಂದೆ 2 ಅಂತ ಬಿದ್ದರೆ ಸಾಕು, ಫೋನ್ ಶುರು. "ಮಗೂಗೆ ಬೋರಾಗತ್ತೇನೋ ಅಂತ ಕೇಳ್ದೆ ಕಣೇ." ಮಗುವಿಗೆ ಬೋರಾಗಲ್ಲ ತಾಯಿ. ಮಗು ಟೂತ್‌ಪೇಸ್ಟ್ ಜಾಹೀರಾತನ್ನೂ ಬಾಯಿ ಬಿಟ್ಟುಕೊಂಡು ನೋಡುತ್ತೆ. ಬೋರಾಗುವುದು ನಿಮಗೆ, ಹೆಸರು ಮಾತ್ರ ಮಗುವಿನದು.

ಹೋದ ವರ್ಷ ಹಾಸನದ ಕಡೆ ಒಂದು ಮದುವೆಯಲ್ಲಿ ಚಿಕ್ಕಮ್ಮನ ಅಳಿಯ ಪಂಕ್ತಿಯಲ್ಲಿ ನನ್ನ ಪಕ್ಕಕ್ಕೇ ಬಂದು ಕೂತರು. ಅವರ ಆ ಪಕ್ಕ ಅವರ ಮಗಳು. ಕೋಸಂಬರಿ ಎಲೆಗೆ ಬೀಳುವ ಮೊದಲೇ ಕೇಳಿದರು: "ಅಕ್ಕ, ಆ ಇನ್‌ಸೈಡ್ ಔಟ್ ಎರಡನೇದು ಮೊದಲನೇದರ ಲೆವೆಲ್ಲಿಗಿದ್ಯಾ?" ಎರಡನೇದನ್ನು ಮನೆಯ ಟಿವಿಯಲ್ಲಿ ಮಗಳ ಜೊತೆ ಅವರೂ ನೋಡಿಯಾಗಿತ್ತು. ಬೇಕಾಗಿದ್ದದ್ದು ನನ್ನ ಕೈಯಿಂದ ಒಂದು ಮಾರ್ಕ್ಸ್ ಕಾರ್ಡು. ಮೊದಲನೇದು ಬಂದದ್ದು 2015ರಲ್ಲಿ, ಅದರಲ್ಲಿ ರೈಲಿ ಎಂಬ ಹುಡುಗಿಗೆ ಹನ್ನೊಂದು ವರ್ಷ, ಅಂತ ನಾನು ಶುರುಮಾಡುವಷ್ಟರಲ್ಲಿ ಸಾರು ಬಂತು. ಅವರು ಎದುರು ಸಾಲಿನವರ ಜೊತೆ ಸೈಟಿನ ರೇಟಿಗೆ ಹೊರಟುಹೋದರು.

ಆಗ ಆ ಹುಡುಗಿ ಅಪ್ಪನ ಎಲೆಯ ಮೇಲಿಂದ ಬಗ್ಗಿ ಕೇಳಿದಳು: "ದೊಡ್ಡಮ್ಮಾ, ಅದರದ್ದು ಒಂದನೇದು ಯಾವಾಗ ಬರತ್ತೆ?"

ಅದು ನೀನು ಹುಟ್ಟೋಕೆ ಮುಂಚೆನೇ ಬಂದಿದೆ ಅಂದೆ. ನಂಬಲಿಲ್ಲ. "ಅದರಲ್ಲಿ ಆ ಆರೆಂಜ್ ಬಣ್ಣದೋಳು ಇದ್ದಾಳಾ?" ಇಲ್ಲ ಅಂದೆ. "ಮತ್ಯಾಕೆ ನೋಡ್ಬೇಕು?"

ಈ ಸಿನಿಮಾದಲ್ಲಿ ರೈಲಿಯ ತಲೆಯೊಳಗಿನ ಭಾವನೆಗಳೇ ಪಾತ್ರಗಳು. ಆರೆಂಜ್ ಬಣ್ಣದವಳು ಅಂದರೆ ಆತಂಕ. ಹದಿಮೂರಕ್ಕೆ ಕಾಲಿಟ್ಟ ರೈಲಿಯ ತಲೆಯೊಳಗೆ ಸೂಟ್‌ಕೇಸುಗಳ ಸಮೇತ ಬಂದು ಠಿಕಾಣಿ ಹೂಡುವ ಹೊಸ ಭಾವನೆ. ಆ ಹುಡುಗಿಯ ಪಾಲಿಗೆ ಸಿನಿಮಾ ಎಂದರೆ ಅವಳೇ. "ಮೊದಲನೇದರ ಲೆವೆಲ್ಲು" ಅನ್ನುವ ಮಾತಿಗೆ ಆ ಎಲೆಯ ಮುಂದೆ ಅರ್ಥವೇ ಇರಲಿಲ್ಲ. ಅಳಿಯಂದಿರು ಮಾತ್ರ ಹೋಳಿಗೆ ಬರುವಾಗ ನೆನಪು ಮಾಡಿಕೊಂಡು ಮತ್ತೆ ಕೇಳಿದರು: "ಹತ್ತಕ್ಕೆ ಎಷ್ಟು ಕೊಡ್ತೀರಿ?"

ನನ್ನನ್ನು ಕೇಳಬೇಕಾದ್ದು ಬೇರೆ ಇದೆ. ಮೊದಲನೇದರಲ್ಲಿ ಹೇಳದೆ ಉಳಿದದ್ದು ಏನಾದರೂ ಇತ್ತಾ? ಇದನ್ನು ಕೇಳಿ, ಊಟ ಆರಿದರೂ ಚಿಂತೆಯಿಲ್ಲ, ಕೂತು ಉತ್ತರ ಹೇಳುತ್ತೇನೆ.

ಹೇಳುವುದು ಉಳಿದಿದೆ ಅಂತ ಯಾವ ಸ್ಟುಡಿಯೋನೂ ಎರಡನೇದಕ್ಕೆ ಕೈಹಾಕುವುದಿಲ್ಲ, ಅದು ನನಗೂ ಗೊತ್ತು. ದುಡ್ಡಿದೆ ಅಂತ ಹಾಕುತ್ತಾರೆ. ಡಿಸ್ನಿಯವರು 1994ರಲ್ಲಿ ಅಲ್ಲಾದೀನನ ಮುಂದುವರಿಕೆ 'ದ ರಿಟರ್ನ್ ಆಫ್ ಜಾಫರ್' ಮಾಡಿದ್ದು ಥಿಯೇಟರಿಗಲ್ಲ, ನೇರ ವೀಡಿಯೋ ಕ್ಯಾಸೆಟ್ಟಿಗೆ. ಜೀನಿಯ ದನಿಯಾಗಿದ್ದ ರಾಬಿನ್ ವಿಲಿಯಮ್ಸ್ ಇಲ್ಲದೆಯೇ ಮಾಡಿದರು. ಕ್ಯಾಸೆಟ್ ಭರ್ಜರಿಯಾಗಿ ಖರ್ಚಾಯಿತು. ಆಮೇಲೆ ಸಿಂಹದ ಮಗಳು, ಸಿಂಡರೆಲ್ಲಾಳ ಸಂಸಾರ, ಬ್ಯಾಂಬಿಯ ಅಪ್ಪ, ಯಾರನ್ನೂ ಬಿಡಲಿಲ್ಲ. 2006ರಲ್ಲಿ ಪಿಕ್ಸಾರ್ ಎಂಬ ಇನ್ನೊಂದು ಅನಿಮೇಷನ್ ಸ್ಟುಡಿಯೋ ಡಿಸ್ನಿಯ ತೆಕ್ಕೆಗೆ ಬಂದ ಮೇಲಷ್ಟೇ ಈ ಸಂತೆಗೆ ಬಾಗಿಲು ಬಿತ್ತು.

ಪಿಕ್ಸಾರಿನ 'ಟಾಯ್ ಸ್ಟೋರಿ 2' ಕೂಡ ಮೊದಲಿಗೆ ಇದೇ ಸಂತೆಯ ಮಾಲಾಗಬೇಕಿತ್ತು. ವೀಡಿಯೋಗೆಂದು ಶುರುವಾದದ್ದನ್ನು ಥಿಯೇಟರಿಗೆ ಬಡ್ತಿ ಕೊಟ್ಟರು. ಮುಗಿಯುತ್ತ ಬಂದಾಗ ನೋಡಿದರೆ ಕತೆ ಸಪ್ಪೆ. ಸುಮಾರು ಒಂಬತ್ತು ತಿಂಗಳಲ್ಲಿ ಹೆಚ್ಚುಕಮ್ಮಿ ಎಲ್ಲವನ್ನೂ ಕೆಡವಿ ಕಟ್ಟಿ 1999ರ ನವೆಂಬರಿನಲ್ಲಿ ಬಿಡುಗಡೆ ಮಾಡಿದರು. ಕಂಪ್ಯೂಟರಿನಲ್ಲಿ ಸಿನಿಮಾದ ಫೈಲುಗಳೆಲ್ಲ ಅಳಿಸಿಹೋಗಿ, ಮಗು ಹುಟ್ಟಿದ್ದರಿಂದ ಮನೆಯಿಂದ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸುಸ್ಮನ್ ಅವರ ಮನೆಯ ಪ್ರತಿಯಿಂದ ಸಿನಿಮಾ ಉಳಿದ ಕತೆಯನ್ನು ವಾಟ್ಸಾಪಿನಲ್ಲಿ ನನಗೆ ಕಳಿಸದವರಿಲ್ಲ. ಹಾಗೆ ಉಳಿಸಿಕೊಂಡದ್ದರಲ್ಲಿ ಬಹುಪಾಲನ್ನು ಆಮೇಲೆ ಸ್ಟುಡಿಯೋದವರೇ ಕಿತ್ತೆಸೆದರು ಅನ್ನುವುದನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡುವುದಿಲ್ಲ. ನನಗೆ ದೊಡ್ಡದಾಗಿ ಕಾಣುವುದು ಆ ಕಿತ್ತೆಸೆದದ್ದೇ.

1995ರ ಮೊದಲನೇದರಲ್ಲಿ ವುಡಿ ಎಂಬ ಹಳೇ ಗೊಂಬೆಗೆ ಇದ್ದ ಭಯ ಒಂದೇ: ಹೊಸ ಗೊಂಬೆ ಬಂದು ತನ್ನ ಜಾಗ ಕಿತ್ತುಕೊಂಡರೆ? ಎರಡನೇದು ಆ ಭಯವನ್ನು ಮತ್ತೆ ಮುಟ್ಟುವುದೇ ಇಲ್ಲ. ಗೊಂಬೆಗಳ ಒಡೆಯ ಆಂಡಿ ಎಂಬ ಹುಡುಗನೇ ದೊಡ್ಡವನಾಗಿಬಿಟ್ಟರೆ? ಮೊದಲನೇದರಲ್ಲಿ ಯಾರಿಗೂ ಹೊಳೆಯದೆ ಉಳಿದಿದ್ದ ಪ್ರಶ್ನೆ ಇದು. ಜೆಸ್ಸಿ ಎಂಬ ಗೊಂಬೆ ಮಂಚದ ಕೆಳಗೆ ಧೂಳು ಹಿಡಿದು ಬಿದ್ದಿದೆ, ಮೇಲೆ ಎಮಿಲಿ ಎಂಬ ಹುಡುಗಿಗೆ ನೈಲ್ ಪಾಲಿಷ್, ಫೋನು, ಗೆಳತಿಯರು. ಒಂದು ದಿನ ಎಮಿಲಿ ಗೊಂಬೆಯನ್ನು ಎತ್ತಿಕೊಂಡು ಕಾರಿನಲ್ಲಿ ಹೊರಟಾಗ ಜೆಸ್ಸಿಯ ಮುಖ ಅರಳುತ್ತದೆ. ಕಾರು ನಿಲ್ಲುವುದು ದಾನದ ಡಬ್ಬದ ಹತ್ತಿರ. ಇನ್ನೊಂದು ಕಡೆ, ಗೊಂಬೆ ರಿಪೇರಿಯ ಮುದುಕ ಬಂದು ವುಡಿಯ ಹರಿದ ತೋಳು ಹೊಲಿದು, ಕಣ್ಣು ಒರೆಸಿ, ಕೆನ್ನೆಗೆ ಬಣ್ಣ ಕೊಟ್ಟು, ಬೂಟಿನ ಅಡಿಯಲ್ಲಿ ಆಂಡಿ ಬರೆದಿದ್ದ ತನ್ನ ಹೆಸರಿನ ಮೇಲೂ ಒಂದು ಸಲ ಕುಂಚ ಎಳೆದುಬಿಡುತ್ತಾನೆ. ವುಡಿ ಹೊಸದರ ಹಾಗೆ ಹೊಳೆಯುತ್ತಾನೆ, ಈಗ ಯಾರ ಗೊಂಬೆಯೂ ಅಲ್ಲ. ಮ್ಯೂಸಿಯಮ್ಮಿನ ಗಾಜಿನೊಳಗೆ ನೂರು ಕಾಲ ಇರಬಹುದು, ಇಲ್ಲವೇ ಇನ್ನು ಕೆಲವೇ ವರ್ಷ ಹುಡುಗನ ಕೈಯಲ್ಲಿ ಸವೆಯಬಹುದು. ಆ ಬಣ್ಣವನ್ನು ಉಜ್ಜಿ ಉಜ್ಜಿ ಕೆಳಗಿನ ಹೆಸರನ್ನು ಹೊರಗೆ ತರುತ್ತಾನಲ್ಲ, ಅದಕ್ಕೇ ನಾನು ಎರಡನೇದನ್ನು ಮೊದಲನೇದಕ್ಕಿಂತ ಒಂದು ಮೆಟ್ಟಿಲು ಮೇಲೆ ಇಟ್ಟಿರುವುದು.

ಆ ಪ್ರಶ್ನೆಗೆ ಉತ್ತರ ಬರಲು ಹನ್ನೊಂದು ವರ್ಷ ಹಿಡಿಯಿತು. ನಡುವೆ ಪಿಕ್ಸಾರಿಗೂ ಡಿಸ್ನಿಗೂ ಮುನಿಸು. ಪಿಕ್ಸಾರನ್ನು ಬಿಟ್ಟು ಮೂರನೇದನ್ನು ಮಾಡಲು ಡಿಸ್ನಿ ಬೇರೆ ಸ್ಟುಡಿಯೋವನ್ನೇ ತೆರೆದು, ರಾಜಿಯಾದ ಮೇಲೆ ಮುಚ್ಚಿತು. ಕೊನೆಗೆ 2010ರಲ್ಲಿ ಪಿಕ್ಸಾರಿನದ್ದೇ ಬಂತು. ಆಂಡಿ ಕಾಲೇಜಿಗೆ ಹೊರಟಿದ್ದಾನೆ, ದನಿ ಕೊಟ್ಟವನು 1995ರಲ್ಲಿ ಪುಟ್ಟ ಆಂಡಿಗೆ ದನಿ ಕೊಟ್ಟಿದ್ದ ಅದೇ ಜಾನ್ ಮಾರಿಸ್, ಈಗ ಬೆಳೆದ ಗಂಡಸು. ಗೊಂಬೆಗಳನ್ನೆಲ್ಲ ಪಕ್ಕದ ಮಗುವಿಗೆ ಕೊಡುತ್ತ ಬಂದವನು, ಆ ಮಗು ವುಡಿಗೆ ಕೈ ಚಾಚಿದಾಗ ತಟಕ್ಕನೆ ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ನನ್ನ ಜೊತೆ ಬಂದಿದ್ದ ಮಕ್ಕಳು ಆರಾಮಾಗಿದ್ದರು. ಮೂಗು ಸೀಟಿದ್ದು ಹಿಂದಿನ ಸಾಲಿನ ಅಪ್ಪಂದಿರು.

'ಮೊವಾನಾ 2'ರ ಹುಟ್ಟೂ ಇಂಥದ್ದೇ. ಮನೆಯಲ್ಲಿ ನೋಡುವ ಸರಣಿಯೆಂದು ಶುರುವಾದದ್ದು ಥಿಯೇಟರಿಗೆ ತಿರುಗಿ 2024ರ ನವೆಂಬರಿನಲ್ಲಿ ಬಂತು. ನೂರು ಕೋಟಿ ಡಾಲರಿಗಿಂತ ಹೆಚ್ಚು ದುಡಿಯಿತು. ಆದರೆ ದೋಣಿಯೊಳಗೆ ಕೂತ ಮೂವರು ಹೊಸಬರನ್ನು ನೋಡಿ: ಒಬ್ಬ ಸಿಡುಕ, ಒಬ್ಬ ಕತೆಗಾರ, ಒಬ್ಬಳು ಬಡಗಿ. ಒಬ್ಬೊಬ್ಬರಿಗೂ ಒಂದೊಂದು ಕಂತು ಕೊಡುವ ಆಸೆಯಿಂದ ಬರೆದ ಹಾಗಿದ್ದಾರೆ, ಕಂತುಗಳೇ ಇಲ್ಲ. ಕಿತ್ತೆಸೆಯುವ ಧೈರ್ಯ ಇಲ್ಲಿ ಯಾರಿಗೂ ಬಂದ ಹಾಗೆ ಕಾಣಲಿಲ್ಲ.

'ಇನ್‌ಕ್ರೆಡಿಬಲ್ಸ್' ಬಗ್ಗೆ ಕೇಳುವವರು ಬೇರೆಯೇ ಇದ್ದಾರೆ. 2004ರದ್ದಕ್ಕೆ 2018ರಲ್ಲಿ ಎರಡನೇದು. ನಮಗೆಲ್ಲ ಹದಿನಾಲ್ಕು ವರ್ಷ ವಯಸ್ಸಾಯಿತು, ಸಿನಿಮಾದೊಳಗಿನ ಆ ಸೂಪರ್‌ಹೀರೋ ಮನೆಯವರಿಗೆ ಹದಿನಾಲ್ಕು ನಿಮಿಷವೂ ಆಗಿರಲಿಲ್ಲ. ಮೊದಲನೇದು ನಿಂತ ಜಾಗದಿಂದಲೇ ಹೊಡೆದಾಟ ಮುಂದುವರಿಯುತ್ತದೆ. ಹೆಂಡತಿ ಕೆಲಸಕ್ಕೆ, ಗಂಡ ಮನೆಯಲ್ಲಿ ಮಗನ ಹೊಸ ಸಿಲಬಸ್ಸಿನ ಗಣಿತದ ಜೊತೆ ಗುದ್ದಾಟ. ಸಿಬಿಎಸ್ಸಿ ಅಪ್ಪಂದಿರು ನಕ್ಕ ನಗು ನೋಡಬೇಕಿತ್ತು. ಮಜಾ ಇದೆ, ಮನೆಗೆ ಬಂದ ಮೇಲೆ ನೆನಪಿಗೆ ಏನೂ ಉಳಿಯಲಿಲ್ಲ.

ನಮ್ಮಲ್ಲೂ ಇಂಥ ಪ್ರಯೋಗ ಆಗಿದೆ. 2005ರ 'ಹನುಮಾನ್' ಪುರಾಣದ ಹಾದಿಯಲ್ಲಿ ಹೋದರೆ, 2007ರ 'ರಿಟರ್ನ್ ಆಫ್ ಹನುಮಾನ್'ನಲ್ಲಿ ಅನುರಾಗ್ ಕಶ್ಯಪ್ ಅವನನ್ನು ಮಾರುತಿ ಎಂಬ ಹುಡುಗನಾಗಿ ಮತ್ತೆ ಹುಟ್ಟಿಸಿ ಶಾಲೆಗೆ ಕಳಿಸಿದರು. ಹಿರಿಯರು ಮುಖ ಕಿವಿಚಿದರು, ನಮ್ಮ ಮನೆಯ ಮಕ್ಕಳಿಗೆ ಅದೇ ಹಿಡಿಸಿತು.

ಇನ್ನೊಂದು ವಿಷಯ, ಯಾರೂ ಕೇಳುವುದಿಲ್ಲವಾದ್ದರಿಂದ ನಾನೇ ಹೇಳುತ್ತೇನೆ. ಹಾಲಿವುಡ್ಡಿನ ಈ ಸಿನಿಮಾಗಳು ಕನ್ನಡಕ್ಕೆ ಬರುವುದು ಅಪರೂಪ. 2024ರ 'ಮುಫಾಸಾ' ಹಿಂದಿ, ತಮಿಳು, ತೆಲುಗು ಮಾತಾಡಿತು, ಕನ್ನಡ ಮಾತಾಡಲಿಲ್ಲ. ನಮ್ಮವರದ್ದೇ 'ಮಹಾವತಾರ ನರಸಿಂಹ' ಕನ್ನಡದಲ್ಲೂ ಬಂದಾಗ ಒಂದು ಸಲ ಬಾಯಿ ಮುಚ್ಚಿಕೊಂಡು ಕೂತೆ, ಸುಖವಾಗಿತ್ತು. ಉಳಿದಂತೆ ಕತ್ತಲಲ್ಲಿ ಎರಡೂ ಕಡೆಯ ಕಿವಿಗಳಿಗೆ ಪಿಸುಪಿಸು ಕನ್ನಡ ಮಾಡುವವಳು ನಾನೇ. ಎರಡನೇದಾದರೆ ಇನ್ನೂ ಕಷ್ಟ, "ಇವನ್ಯಾರು? ಅವರಿಬ್ಬರಿಗೆ ಯಾಕೆ ಜಗಳ?" ಅಂತ ಮೊದಲನೇದನ್ನೂ ಜೊತೆಯಲ್ಲೇ ಹೇಳಬೇಕು. ಹಾಗಾಗಿ ನನ್ನ ಮಾರ್ಕ್ಸ್ ಕಾರ್ಡಿನಲ್ಲಿ ಕೊಂಚ ಪಕ್ಷಪಾತ ಇದ್ದೇ ಇರುತ್ತದೆ. ಹೆಚ್ಚು ಪಿಸುಗುಟ್ಟಿಸಿದ ಸಿನಿಮಾಕ್ಕೆ ಕಡಿಮೆ ಮಾರ್ಕ್ಸು.

'ಇನ್‌ಸೈಡ್ ಔಟ್ 2' ಅಷ್ಟೇನೂ ಪಿಸುಗುಟ್ಟಿಸಲಿಲ್ಲ. ಮೊದಲನೇದರ ಕೊನೆಯಲ್ಲಿ ರೈಲಿಯ ತಲೆಯೊಳಗಿನ ಯಂತ್ರದ ಮೇಲೆ ಒಂದು ಬಟನ್ ತೋರಿಸಿದ್ದರು, ಪ್ರಾಯಕ್ಕೆ ಬರುವುದರ ಬಟನ್. ಅದು ಏನೆಂದು ಒಳಗಿನ ಯಾರಿಗೂ ಗೊತ್ತಿರಲಿಲ್ಲ, ತಮಾಷೆಗೆ ಇಟ್ಟದ್ದು. ಎರಡನೇದು ಆ ಬಟನ್ನಿನಿಂದಲೇ ಹೊರಡುತ್ತದೆ. ಆತಂಕದ ಕೈಗಳು ಯಂತ್ರದ ಸುತ್ತ ಸುಂಟರಗಾಳಿಯಾಗಿ ತಿರುಗುತ್ತವೆ, ಒಳಗೆ ಅವಳು ಮಾತ್ರ ಕಲ್ಲಾಗಿ ನಿಂತಿದ್ದಾಳೆ, ಕಣ್ಣಂಚಿನಲ್ಲಿ ನೀರು. ಹೇಳದೆ ಉಳಿದದ್ದು ಇತ್ತು, ಹೇಳಿದ್ದಾರೆ. ಅಳಿಯಂದಿರೇ, ಹತ್ತಕ್ಕೆ ಎಂಟು. ಬರೆದುಕೊಳ್ಳಿ.

'ಟಾಯ್ ಸ್ಟೋರಿ 4' ಬಗ್ಗೆ ಮಾತ್ರ ಕೇಳಲೇಬೇಡಿ. 2019ರದ್ದು, ಆಸ್ಕರ್ ಕೂಡ ಬಂತು, ಚೆಂದವಾಗಿಯೂ ಇದೆ. ಮೂರನೇದರಲ್ಲಿ ಕದ ಹಾಕಿಕೊಂಡು ಹೋದ ಮನೆಗೆ ಮತ್ತೆ ಯಾಕೆ ನುಗ್ಗಿದರು ಅನ್ನುವುದು ನನ್ನ ಜಗಳ, ಅದು ಬಗೆಹರಿಯುವುದಿಲ್ಲ. ಐದನೇದಕ್ಕೂ ಮಕ್ಕಳನ್ನು ಕರೆದುಕೊಂಡು ಹೋಗುವವಳು ನಾನೇ ಅಂತ ನೀವೆಲ್ಲ ಆಗಲೇ ತೀರ್ಮಾನ ಮಾಡಿದ್ದೀರಿ. ಆಗಲಿ. ಟಿಕೆಟ್ಟಿನ ದುಡ್ಡು ಮುಂಗಡ ಕಳಿಸಿ, ಪಾಪ್‌ಕಾರ್ನಿನದ್ದೂ ಸೇರಿಸಿ.