ಒಂಟಿ ಜೇನಿಗೊಂದು ಗೂಡು: ಬಿದಿರು, ಹ್ಯಾಕ್ಸಾ ಬ್ಲೇಡು, ಒಂದು ತುಂಡು ಪೈಪು

ಹಿತ್ತಿಲ ಗುಲಾಬಿಯಲ್ಲೋ ತೊಗರಿ ಸಾಲಿನಲ್ಲೋ ಎಲೆಯಂಚಿನಲ್ಲಿ ಅರ್ಧಚಂದ್ರಾಕಾರದ ಕಚ್ಚು ಕಂಡರೆ ಔಷಧಿ ಹೊಡೆಯಲು ಹೋಗಬೇಡಿ. ಅದು ಎಲೆ ಕತ್ತರಿಸುವ ಜೇನಿನ ಕೆಲಸ. ಎಲೆಯಂಚನ್ನು ಕಾಲಲ್ಲಿ ಅವುಚಿ ಹಿಡಿದು, ಸುತ್ತು ಹೊಡೆಯುತ್ತಾ ಕೆಲವೇ ಸೆಕೆಂಡುಗಳಲ್ಲಿ ಕತ್ತರಿಸುತ್ತದೆ. ತುಂಡು ಕಳಚುವ ಮುನ್ನವೇ ರೆಕ್ಕೆ ಬಡಿಯತೊಡಗಿ, ಅದನ್ನು ಹೊಟ್ಟೆಯಡಿ ಮಡಚಿಕೊಂಡು ಹಾರುತ್ತದೆ. ಗಿಡಕ್ಕೆ ಇದರಿಂದ ನಷ್ಟವೇನೂ ಇಲ್ಲ. ತುಡುವೆ, ಕೋಲ್ಜೇನು, ಮುಜಂಟಿಗಳಂತೆ ಇದಕ್ಕೆ ರಾಣಿಯಿಲ್ಲ, ಆಳುಗಳಿಲ್ಲ. ಇದು ಒಂಟಿ ಜೇನು: ಒಂದೊಂದು ಹೆಣ್ಣೂ ಟೊಳ್ಳು ಕಡ್ಡಿಯಂಥ ಜಾಗ ಹುಡುಕಿ ತನ್ನ ಗೂಡು ತಾನೇ ಕಟ್ಟುತ್ತದೆ. ಕಾಯಲು ತುಪ್ಪವಿಲ್ಲದ್ದರಿಂದ, ಹಿಡಿದು ಹಿಸುಕದ ಹೊರತು ಚುಚ್ಚುವುದು ಅಪರೂಪ.

ಇವುಗಳ ಗೂಡಿನ ಬಗ್ಗೆ ಸಿಗುವ ವಿಡಿಯೊಗಳಲ್ಲಿ ಹೆಚ್ಚಿನವು ಚಳಿದೇಶಗಳವು. ಅಲ್ಲಿನ ಮೇಸನ್ ಜೇನು ವರ್ಷಕ್ಕೊಮ್ಮೆ ವಸಂತದಲ್ಲಿ ಮೊಟ್ಟೆಯಿಡುತ್ತದೆ, ಮರಿಗಳು ಚಳಿಗಾಲವಿಡೀ ಗೂಡಿನೊಳಗೇ ಇರುತ್ತವೆ. ಅದಕ್ಕೇ ಮರಿಗಳಿರುವ ಕೋಶಗಳನ್ನು ಕೊಳವೆಯಿಂದ ಬಿಡಿಸಿ, ತೊಳೆದು, ಫ್ರಿಜ್ಜಿನಲ್ಲಿಡಿ ಎನ್ನುವುದು. ನಮ್ಮೂರಿನ ಜೇನುಗಳಿಗೆ ಈ ಉಪಚಾರ ಮಾಡಿದರೆ ಸಾಯುತ್ತವೆ. ಇಲ್ಲಿ ವರ್ಷಕ್ಕೆ ಹಲವು ತಲೆಮಾರು ಆಗಿಹೋಗುತ್ತವೆ. ನಾವು ಲೆಕ್ಕ ಹಾಕಬೇಕಾದದ್ದು ಮಳೆ, ಇರುವೆ ಮತ್ತು ಪಡುವಣ ಬಿಸಿಲನ್ನು.

ಮೊದಲು ಬಿದಿರು. ಚೆನ್ನಾಗಿ ಒಣಗಿದ ತೆಳು ಬಿದಿರಿನ ಕಡ್ಡಿ ಬೇಕು. ಹಸಿಯದಾದರೆ ಸೀಳುತ್ತದೆ, ಒಳಗೆ ಬೂಷ್ಟು ಹಿಡಿಯುತ್ತದೆ. ಒಳವ್ಯಾಸ 6ರಿಂದ 10 ಮಿ.ಮೀ. ಇರಲಿ, ಒಂದಷ್ಟು 4–5 ಮಿ.ಮೀ. ಕಡ್ಡಿಗಳೂ ಸೇರಲಿ. ಗಿಣ್ಣಿನ ಹಿಂದೆ ಒಂದು ಸೆಂ.ಮೀ. ಬಿಟ್ಟು ಕೊಯ್ದರೆ ಗಿಣ್ಣೇ ಹಿಂಗೋಡೆಯಾಗುತ್ತದೆ. ಎರಡೂ ಕಡೆ ತೆರೆದ ಕೊಳವೆಯನ್ನು ಜೇನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಗಿಣ್ಣಿನಿಂದ ಬಾಯಿಯವರೆಗೆ 15 ಸೆಂ.ಮೀ. ಉದ್ದ ಬೇಕು. ಹೆಣ್ಣಾಗುವ ಮೊಟ್ಟೆಗಳನ್ನು ತಾಯಿ ಹಿಂದೆ ಇಡುತ್ತದೆ, ಗಂಡಿನವನ್ನು ಬಾಯಿಯ ಹತ್ತಿರ. ಕೊಳವೆ ಗಿಡ್ಡವಾದಷ್ಟೂ ಗಂಡು ಹೆಚ್ಚು, ಮುಂದಿನ ಸರದಿಗೆ ಗೂಡು ಕಟ್ಟುವವರು ಕಡಿಮೆ.

ಕೊಯ್ಯಲು ಕತ್ತಿ ಬೇಡ, ಸಣ್ಣ ಹಲ್ಲಿನ ಹ್ಯಾಕ್ಸಾ ಬ್ಲೇಡೇ ಸರಿ. ಬಾಯನ್ನು ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, ಒಳಗಿನ ಪೊರೆಯನ್ನು ತಂತಿಯಿಂದ ಕೆರೆದು ಕೊಡವಿ. ಬೆರಳಾಡಿಸಿದಾಗ ಸಿಬಿರು ತಾಗಿದರೆ ಅದು ಜೇನಿನ ರೆಕ್ಕೆಗೂ ತಾಗುತ್ತದೆ. ಮರದ ದಿಮ್ಮಿಗೆ ತೂತು ಕೊರೆಯಬಹುದು ನಿಜ, ಆದರೆ ಮಾಮೂಲಿ 8 ಮಿ.ಮೀ. ಡ್ರಿಲ್ ಬಿಟ್ ಇಷ್ಟು ಆಳಕ್ಕೆ ಹೋಗುವುದಿಲ್ಲ. ಗಾಜು, ಪ್ಲಾಸ್ಟಿಕ್ ಸ್ಟ್ರಾಗಳಂತೂ ಬೇಡವೇ ಬೇಡ: ತೇವ ಹೊರಹೋಗದೆ, ತಾಯಿ ಮರಿಗೆಂದು ಕೂಡಿಟ್ಟ ಪರಾಗದ ಉಂಡೆಗೆ ಬೂಷ್ಟು ಬರುತ್ತದೆ.

ಹೊರಕವಚಕ್ಕೆ 4 ಇಂಚಿನ ಪಿವಿಸಿ ಪೈಪಿನ ತುಂಡು ಸಾಕು. ಗಿಣ್ಣಿನ ಹಿಂದಿನ ಬಾಲವೂ ಸೇರಿ ಕಡ್ಡಿ 16 ಸೆಂ.ಮೀ.; ಪೈಪು 21 ಇದ್ದರೆ ಮುಂದೆ 5 ಸೆಂ.ಮೀ. ಸೂರು ಸಿಗುತ್ತದೆ. ಮಲೆನಾಡಿನ ಎರಚಲಿಗೆ ಅದೂ ಸಾಲದು, ಮೇಲೊಂದು ತಗಡು ಹಾಕಿ. ಹಿಂದೆ ಎಂಡ್ ಕ್ಯಾಪ್ ಹಾಕಿ, ಅದಕ್ಕೂ ಪೈಪಿನ ತಳಕ್ಕೂ ಗಾಳಿಯಾಡಲು ನಾಲ್ಕೈದು ಸಣ್ಣ ತೂತು ಕೊರೆಯಿರಿ. 35–40 ಕಡ್ಡಿಗಳು ಹಿಡಿಯುತ್ತವೆ. ಒಂದೂ ಅಲ್ಲಾಡದಂತೆ ಬಿಗಿಯಾಗಿ ತುರುಕಿ. ಇನ್ನೂರು ಕಡ್ಡಿಗಳ ದೊಡ್ಡ ಗೂಡು ನೋಡಲು ಚೆಂದ, ಪರಾವಲಂಬಿಗಳಿಗೆ ಹಬ್ಬ. ಇಂಥ ಚಿಕ್ಕವನ್ನೇ ಎರಡು ಮೂರು ಮಾಡಿ ದೂರ ದೂರ ಇಡಿ. (ಪೈನ್ ಕಾಯಿ, ತೊಗಟೆ ಚೂರು ತುಂಬಿ ಆನ್‌ಲೈನಿನಲ್ಲಿ ಮಾರುವ ಅಲಂಕಾರದ ಗೂಡುಗಳಲ್ಲಿ ವಾಸವಾಗುವುದು ಜಿರಳೆ, ಜೇಡ.)

ಎದೆಯೆತ್ತರದಲ್ಲಿ, ಬೆಳಗಿನ ಬಿಸಿಲು ನೇರ ಬೀಳುವಂತೆ ಪೂರ್ವಕ್ಕೋ ಆಗ್ನೇಯಕ್ಕೋ ಬಾಯಿ ಮಾಡಿ, ಬಾಯಿ ತುಸು ಕೆಳಗೆ ಬಾಗಿರುವಂತೆ ಬಿಗಿಯಿರಿ. ಮರಕ್ಕೆ ನೇತುಹಾಕಿದರೆ ತೂಗಾಡುತ್ತದೆ, ಜೇನು ಇಳಿಯುವುದಿಲ್ಲ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಮಧ್ಯಾಹ್ನದ ನಂತರ ನೆರಳಿಲ್ಲದಿದ್ದರೆ ಮರಿಗಳು ಒಳಗೇ ಬೇಯುತ್ತವೆ. ಕಬ್ಬಿಣದ ಕಂಬಕ್ಕೆ ಕಟ್ಟಿ, ಕಂಬದ ಸುತ್ತ ಒಂದು ಗೇಣು ಗ್ರೀಸ್ ಬಳಿದರೆ ಇರುವೆಗೆ ತಡೆ. ಧೂಳು ಕೂತ ಗ್ರೀಸಿನ ಮೇಲೆ ಇರುವೆ ಆರಾಮಾಗಿ ನಡೆದುಹೋಗುತ್ತದೆ, ಆಗಾಗ ಬದಲಿಸಿ. ಒಂದೇ ಒಂದು ಎಲೆ ಗೂಡಿಗೆ ತಾಗಿದ್ದರೂ ಅದೇ ಸೇತುವೆ. ಇರುವೆ ಸೀಮೆಸುಣ್ಣ ಕೀಟನಾಶಕ, ಹತ್ತಿರ ತರಬೇಡಿ. ಹಕ್ಕಿ, ಅಳಿಲಿನ ಕಾಟವಿದ್ದರೆ ಅಗಲ ಕಣ್ಣಿನ ಕೋಳಿ ಬಲೆಯನ್ನು ಕಡ್ಡಿಗಳ ಬಾಯಿಗೆ ಅಂಟಿಸದೆ ನಾಲ್ಕು ಬೆರಳು ಮುಂದೆ ಕಟ್ಟಿ.

ಬಾಯಿ ಮುಚ್ಚಿದ ಕಡ್ಡಿ ಕಂಡಾಗ ಮುಚ್ಚಳ ನೋಡಿ. ದುಂಡಗೆ ಕತ್ತರಿಸಿದ ಎಲೆಗಳ ಬಿಲ್ಲೆ ಇದ್ದರೆ ಎಲೆ ಕತ್ತರಿಸುವ ಜೇನು. ಮರದಂಟಿನ ಮುಚ್ಚಳ ಅದರ ದಾಯಾದಿಗಳದು. ಮಣ್ಣು ಮೆತ್ತಿದ್ದರೆ ಕಣಜವೂ ಇರಬಹುದು, ಜೇನೂ ಇರಬಹುದು. ಎಲೆ ಕತ್ತರಿಸುವ ಜೇನಿನ ಕುಲದಲ್ಲೇ ಮಣ್ಣು ಬಳಸುವ ಜಾತಿಗಳಿವೆ. ಕಣಜವಾದರೂ ಓಡಿಸಬೇಡಿ, ಅದು ಮರಿಗೆಂದು ಒಯ್ಯುವುದು ಕಂಬಳಿಹುಳವನ್ನೋ ಜೇಡವನ್ನೋ. ಹೊಟ್ಟೆಯ ತುದಿ ಚೂಪಾದ ಒಂದು ಜೇನು ಕಡ್ಡಿಗಳ ಬಾಯಲ್ಲಿ ಇಣುಕುತ್ತಾ ಸುಳಿದಾಡಿದರೆ ಅದು ಕೋಗಿಲೆ ಜೇನು: ಯಜಮಾನಿ ಹೊರಗೆ ಹೋದಾಗ ಒಳಗೆ ಮೊಟ್ಟೆ ಸೇರಿಸುತ್ತದೆ. ಒಂದೆರಡಿದ್ದರೆ ಸಹಜ. ಮುಚ್ಚಳದಲ್ಲಿ ಸೂಜಿಮೊನೆಯಷ್ಟು ತೂತುಗಳಿದ್ದರೆ ಸಣ್ಣ ಪರಾವಲಂಬಿ ಕಣಜಗಳು ಹೊರಬಿದ್ದಿವೆ, ಆ ಕಡ್ಡಿಯನ್ನು ತೆಗೆದು ಸುಟ್ಟುಬಿಡಿ.

ಮುಚ್ಚಿದ ದಿನವನ್ನು ಕಡ್ಡಿಯ ಮೇಲೆ ಪೆನ್ಸಿಲಿನಲ್ಲಿ ಬರೆದಿಡಿ. ಬೆಚ್ಚಗಿನ ದಿನಗಳಲ್ಲಿ ಒಂದೆರಡು ತಿಂಗಳಲ್ಲಿ ಮರಿಗಳು ಹೊರಬರುತ್ತವೆ, ಗಂಡುಗಳು ಮೊದಲು. ಖಾಲಿಯಾದ ಕಡ್ಡಿಯನ್ನು ಮತ್ತೆ ಬಳಸಬೇಡಿ, ಹುಡಿ, ಬೂಷ್ಟು ಎಲ್ಲ ಅದರೊಳಗೇ ಉಳಿದಿರುತ್ತವೆ. ಖಾಲಿಯೋ ಅಲ್ಲವೋ ಅನುಮಾನವಿದ್ದರೆ ಹಳೆಯ ಕಡ್ಡಿಗಳನ್ನೆಲ್ಲ ಮುಚ್ಚಿದ ಕತ್ತಲೆ ಡಬ್ಬಿಗೆ ಹಾಕಿ, 10 ಮಿ.ಮೀ. ತೂತೊಂದನ್ನು ಮಾಡಿ ಹೊಸ ಗೂಡಿನ ಪಕ್ಕವೇ ಇಡಿ. ಹುಟ್ಟಿದ ಜೇನು ಬೆಳಕು ಕಂಡು ಹೊರಬರುತ್ತದೆ, ಸಾಮಾನ್ಯವಾಗಿ ಕತ್ತಲೆಗೆ ಹಿಂದಿರುಗುವುದಿಲ್ಲ.

ಇಷ್ಟಾದರೂ ಬಿದಿರಿಗೆ ಬರುವುದು ಕೆಲವೇ ಬಗೆಯವು. ಒಂಟಿ ಜೇನುಗಳಲ್ಲಿ ಬಹುಪಾಲು ನೆಲದಲ್ಲೇ ಗೂಡು ತೋಡುತ್ತವೆ. ಟೊಮೆಟೊ, ಬದನೆ ಹೂವನ್ನು ಝೇಂಕಾರದಿಂದ ನಡುಗಿಸಿ ಪರಾಗ ಉದುರಿಸುವ ನೀಲಿ ಪಟ್ಟೆಯ ಜೇನಿಗೆ ಬೇಕಾದದ್ದು ಮಣ್ಣಿನ ಗೋಡೆ, ಬದುವಿನ ಕಡಿದಾದ ಮಗ್ಗುಲು. ತುಡುವೆಗೆ ಆ ನಡುಗಿಸುವ ಕೆಲಸ ಬರುವುದಿಲ್ಲ. ಕೆಮ್ಮಣ್ಣಿಗೆ ಸ್ವಲ್ಪ ಮರಳು ಕಲಸಿ ಅಗಲ ಬಾಯಿಯ ಕುಂಡಕ್ಕೆ ಒತ್ತಿ ತುಂಬಿ, ಒಣಗಿದ ಮೇಲೆ ಸೂರಿನಡಿ ಅಡ್ಡ ಮಲಗಿಸಿ. ಉಗುರಿನಲ್ಲಿ ಗೀರಿದರೆ ಮಣ್ಣು ಉದುರಬೇಕು. ಪೆನ್ಸಿಲಿನಿಂದ ಎರಡು ಬೆರಳು ಆಳದ ನಾಲ್ಕಾರು ಕುಳಿ ಮಾಡಿಟ್ಟರೆ ಜೇನು ಮುಂದಕ್ಕೆ ತಾನೇ ತೋಡಿಕೊಳ್ಳುತ್ತದೆ. ಸಿಮೆಂಟು ಮಾತ್ರ ಬೆರೆಸಬೇಡಿ. ಅಂಗಳದಲ್ಲೂ ಒಂದು ಮೂಲೆಯನ್ನು ಟೈಲ್ಸ್ ಹಾಕದೆ, ಅಗೆಯದೆ, ಹಾಗೇ ಬಿಟ್ಟಿರಿ.